ಸೊನ್ನೆ ತೋರಿಸಿದ ಮೀಟರ್

ನನ್ನ ಗೆಳೆಯ ಪೋತ್ನಾಳದ ಹತ್ತಿರದ ಅಕ್ಕಿ ಗಿರಣಿಯೊಂದರಲ್ಲಿ ಸತ್ತ ದಿನ ನಾನು ಮಸರಕಲ್‌ನ ಹೊಲದಲ್ಲಿ ಸೋಲಾರ್ ಪಂಪಿನ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದೆ. ಗಿರಣಿಯ ಮ್ಯಾನೇಜರ್ ಫೋನ್ ಮಾಡಿ, ಶಾಕ್ ಹೊಡೆದಿದೆ, ಮಾನ್ವಿಯ ದವಾಖಾನೆಗೆ ಒಯ್ದಿದ್ದೇವೆ ಎಂದಷ್ಟೇ ಹೇಳಿದರು. ನಾನು ಬೈಕಿನಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಎರಡೂ ಕೈಗಳ ಬೆರಳತುದಿಗಳು ಕರಿದಾಗಿದ್ದವು, ಬೇರೆ ಗಾಯವೇ ಇರಲಿಲ್ಲ.

ರಾಯಚೂರಿನಲ್ಲಿ ನಮ್ಮಿಬ್ಬರದು ಒಂದೇ ಅಂಗಡಿ. ಗಿರಣಿ ಮೋಟಾರುಗಳ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್‌ಗಳ ರಿಪೇರಿ ನಮ್ಮ ಕಸುಬು. ಅಂದು ಅವನು ಗಿರಣಿಗೆ ಹೋದದ್ದೂ ಕೆಟ್ಟುನಿಂತ ಡ್ರೈವೊಂದರ ರಿಪೇರಿಗೇ. ಡ್ರೈವ್ ಎಂದರೆ ಗೋಡೆಗೆ ಬಿಗಿಯುವ ಒಂದು ಪೆಟ್ಟಿಗೆ. ಲೈನಿನ ಎಸಿ ಕರೆಂಟನ್ನು ಅದು ಮೊದಲು ಡಿಸಿ ಮಾಡಿ, ಡಬ್ಬಿಗಳಂಥ ಕೆಪಾಸಿಟರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿಂದ ಮೋಟಾರಿಗೆ ಬಿಡುವುದು ಆರು ಸಿಲಿಕಾನ್ ಸ್ವಿಚ್ಚುಗಳು; ನಾವು ಐಜಿಬಿಟಿ ಅನ್ನುತ್ತೇವೆ. ಮನೆಯ ಸ್ವಿಚ್ಚಿನಂತೆ ಅವುಗಳೊಳಗೆ ಅಲುಗಾಡುವ ಭಾಗವಿಲ್ಲ. ಗೇಟ್ ಎಂಬ ತುದಿಗೆ ಸಣ್ಣ ವೋಲ್ಟೇಜು ಕೊಟ್ಟರೆ ದಾರಿ ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ಹೀಗೆ ಕತ್ತರಿಸಿ ಕೊಟ್ಟ ಕರೆಂಟಿಗೆ ತಕ್ಕಂತೆ ಮೋಟಾರು ತಿರುಗುತ್ತದೆ. ಮೇನ್ ಬಂದ್ ಮಾಡಿದ ಮೇಲೂ ಕೆಪಾಸಿಟರ್‌ಗಳು ತುಂಬಿಯೇ ಇರುತ್ತವೆ. ಅವನ್ನು ಮೆಲ್ಲಗೆ ಬಸಿದು ಖಾಲಿ ಮಾಡಲು ಒಂದು ರೆಸಿಸ್ಟರ್ ಇರುತ್ತದೆ. ತುಸು ಕಾದು, ಮೀಟರ್ ಹಚ್ಚಿ ನೋಡಿಯೇ ಕೈ ಹಾಕಬೇಕು. ನನಗೆ ಇದನ್ನು ಕಲಿಸಿದವನೇ ಆ ಗೆಳೆಯ.

ದವಾಖಾನೆಯ ಅಂಗಳದಲ್ಲಿ ಮ್ಯಾನೇಜರ್ ಬಂದವರಿಗೆಲ್ಲ, ನೋಡದೆ ಕೈ ಹಾಕಿದ, ಅವಸರ ಮಾಡಿದ ಎನ್ನುತ್ತಿದ್ದರು. ಆ ಮಾತು ಅವನ ಹೆಂಡತಿಯ ಕಿವಿಗೆ ಬಿತ್ತು. ಆಕೆ ಮಾನ್ವಿಯಲ್ಲಿ ಪ್ರೈಮರಿ ಶಾಲೆಯ ಟೀಚರ್. ಮಣ್ಣು ಮಾಡಿ ಬಂದ ಮೇಲೆ ನನ್ನನ್ನು ಒಬ್ಬನನ್ನೇ ಕರೆದು ಕೇಳಿದರು.

"ಮನ್ಯಾಗ ನಾವು ಅದೀವಿ ಅಂತ ಅವರಿಗೆ ನೆನಪೇ ಆಗ್ಲಿಲ್ಲೇನು, ತಮ್ಮಾ?"

ಮರುದಿನ ತನಿಖೆಗೆ ಬಂದ ಅಧಿಕಾರಿಯ ಜೊತೆ ಗಿರಣಿಗೆ ಹೋದೆ. ಮಷೀನ್ ನಡೆಸುವ ಆಪರೇಟರ್ ಅಂದು ಪಕ್ಕದಲ್ಲೇ ನಿಂತಿದ್ದನಂತೆ. ನನ್ನ ಗೆಳೆಯ ಮೇನ್ ಇಳಿಸಿ, ಲೈನ್ ಬಂದ್ ಆಗಿದ್ದನ್ನು ಮೀಟರಿನಿಂದ ಖಾತ್ರಿ ಮಾಡಿಕೊಂಡು, ನೀರು ಕುಡಿದು ಬಂದು, ಕೆಪಾಸಿಟರಿಗೂ ಮೀಟರ್ ಹಚ್ಚಿ, ಸೊನ್ನೆ ಐತಿ ಎಂದು ಹೇಳಿಯೇ ಕೈ ಹಾಕಿದನೆಂದು ತಿಳಿಸಿದ. ಮೀಟರ್ ಪೆಟ್ಟಿಗೆಯ ಮೇಲೆ ಹಾಗೇ ಇತ್ತು. ಅದರ ಗುಂಡಿ ಎಸಿಯಲ್ಲೇ ನಿಂತಿತ್ತು. ಲೈನು ನೋಡಿದ ಮೇಲೆ ಅವನು ಅದನ್ನು ಡಿಸಿಗೆ ತಿರುಗಿಸುವುದನ್ನು ಮರೆತಿದ್ದ; ಎಸಿಯಲ್ಲಿಟ್ಟ ಮೀಟರಿಗೆ ಕೆಪಾಸಿಟರಿನ ಡಿಸಿ ಕಾಣುವುದಿಲ್ಲ. ಡ್ರೈವಿನ ಒಳಗೆ ಬಸಿಯುವ ರೆಸಿಸ್ಟರ್ ಬಿರುಕು ಬಿಟ್ಟಿದ್ದರಿಂದ ಕೆಪಾಸಿಟರ್‌ಗಳು ಖಾಲಿಯಾಗಿರಲಿಲ್ಲ. ಒಳಗೆ ಕರೆಂಟಿದ್ದರೆ ಬೆಳಗುವ ಡಿಸ್ಪ್ಲೇ ಆಗಲೇ ಕೆಟ್ಟಿದ್ದರಿಂದ ಅದೂ ಎಚ್ಚರಿಸಲಿಲ್ಲ.

ಅವನ ಹೆಂಡತಿಗೆ ಇದನ್ನು ಹೇಳಿದೆ. ಬಾಯಿಮಾತು ಸಾಲದು, ಕಣ್ಣಾರೆ ನೋಡಬೇಕು ಎಂದರು. ಅಂಗಡಿಗೆ ಕರೆತಂದು, ಅಂಥದೇ ಡ್ರೈವನ್ನು ಚಾಲೂ ಮಾಡಿ, ಬಂದ್ ಮಾಡಿ, ಮೀಟರಿನ ಕಡ್ಡಿಗಳನ್ನು ನಾನೇ ಕೆಪಾಸಿಟರಿಗೆ ಹಿಡಿದೆ. ಗುಂಡಿ ಎಸಿಯಲ್ಲಿದ್ದಾಗ ಸೊನ್ನೆ. ಡಿಸಿಗೆ ತಿರುಗಿಸಿದಾಗ ಅಂಕಿ ಐನೂರು ದಾಟಿತ್ತು. ಆಕೆ ಬಗ್ಗಿ ಓದಿದರು. ಮತ್ತೊಮ್ಮೆ ತೋರಿಸಿರಿ ಎಂದರು. ತೋರಿಸಿದೆ.

"ಹಂಗಾದ್ರ ನೋಡಿದ್ರು," ಎಂದರು. "ನೋಡೇ ಕೈ ಹಾಕ್ಯಾರ."

ಸ್ಟೂಲಿನ ಮೇಲೆ ಕೂತು ಸೆರಗು ಬಾಯಿಗೊತ್ತಿಕೊಂಡರು. ಅತ್ತಿದ್ದನ್ನು ನಾನು ಕಂಡದ್ದು ಅವತ್ತೇ.

ಅವನ ತಾಯಿ ಕುರ್ಡಿಯಲ್ಲಿದ್ದರು. ಅವರಿಗೂ ತಿಳಿಸಲು ಇಬ್ಬರೂ ಹೋದೆವು. ಟೀಚರ್ ತಮ್ಮ ಶಾಲೆಯ ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು. ಮುದುಕಿ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಸೊನ್ನಿ ಇದ್ದದ್ದು ನನ್ನ ಮಗನ್ನ ಹ್ಯಾಂಗ ಕೊಲ್ತು?"

ಸೊಸೆ ಮತ್ತೆ ಮೊದಲಿನಿಂದ ಶುರು ಮಾಡಿದರು. ಮುದುಕಿ ಬೇಡವೆಂದು ಕೈ ಅಲ್ಲಾಡಿಸಿ, ಹೊದ್ದುಕೊಂಡು ಗೋಡೆಯ ಕಡೆ ಮಗ್ಗುಲಾದರು.

ಅಧಿಕಾರಿಯ ವರದಿಯಲ್ಲಿ ಕೊನೆಗೆ ಬಂದದ್ದು ಕೆಲಸಗಾರನ ನಿರ್ಲಕ್ಷ್ಯ ಎಂಬ ಮಾತೇ. ರೆಸಿಸ್ಟರಿನ ಸಂಗತಿ ಎಷ್ಟು ಹೇಳಿದರೂ ಅದರೊಳಗೆ ಸೇರಲಿಲ್ಲ. ಗಿರಣಿಯವರು ಹೊಸ ಡ್ರೈವ್ ಕೂಡಿಸಲು ನನ್ನನ್ನೇ ಕರೆದರು. ಸುಗ್ಗಿಯ ಭತ್ತ ಅಂಗಳದಲ್ಲಿ ರಾಶಿ ಬಿದ್ದಿತ್ತು. ಹೋಗಿ, ಅವನು ನಿಂತಿದ್ದ ಜಾಗದಲ್ಲೇ ನಿಂತು ಅದನ್ನು ಕೂಡಿಸಿ ಬಂದೆ.