ಲ್ಯಾಪ್‌ಟಾಪಿಗೊಂದು ಖಾಕಿ ಅಂಗಿ

ನನ್ನ ಚಿಕ್ಕಮ್ಮನ ಮನೆಯಲ್ಲಿ ಬಟ್ಟೆ ತೊಡದೆ ನಿಂತ ವಸ್ತು ಒಂದೂ ಇಲ್ಲ. ಹೊಲಿಗೆ ಮಿಷನ್ನಿಗೆ ಹೂವಿನ ಗವಸು, ಮಿಕ್ಸಿಗೆ ನೆರಿಗೆಯಿಟ್ಟ ಲಂಗ, ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕೋಟು. ಗ್ಯಾಸ್ ಸಿಲಿಂಡರಿಗೂ ಒಂದು ಫ್ರಾಕು ಇದೆ, ಅಂಚಿಗೆ ಲೇಸು ಬೇರೆ. ಬೀದಿಯವರ ಬಟ್ಟೆಯೆಲ್ಲ ಹೊಲಿಯುವ ದರ್ಜಿ ಅವಳು. ಉಳಿದ ತುಂಡು ಕಸಕ್ಕೆ ಹೋದರೆ ಹೊಟ್ಟೆ ಉರಿದುಕೊಳ್ಳುತ್ತಾಳೆ. ಒಂದೇ ಕಡೆ ಹೆಚ್ಚು ಹೊತ್ತು ಕೂತರೆ ನನಗೂ ಗವಸು ಹಾಕಿಬಿಡುತ್ತೀಯ ಎಂದು ನಾನು ರೇಗಿಸಿದರೆ, ಮೊದಲು ನಿನ್ನ ಬಾಯಿಗೆ ಹಾಕಬೇಕು ಅನ್ನುತ್ತಾಳೆ.

ಚಿಕ್ಕಪ್ಪ ಬಸ್ ಡ್ರೈವರ್. ಗುಡ್ಡ ದಾಟಿ ಆಚೆಯ ಊರಿಗೆ ಹೋಗುವ ಬಸ್ಸನ್ನು ಕೂದಲು ನರೆಯುವ ತನಕ ಓಡಿಸಿದವರು. ಒಂದು ದಿನ ಅವರ ಸೀಟಿನ ಹಿಂದೆ ಕೂತು, ಗುಡ್ಡ ಹತ್ತಿ, ಕೊನೆಯ ಸ್ಟಾಪಿನವರೆಗೆ ಹೋಗಿಬರಬೇಕು ಅನ್ನುವುದು ಚಿಕ್ಕಮ್ಮನ ಆಸೆಯಾಗಿತ್ತು. ಹೊರಡೋಣ ಅಂದುಕೊಂಡ ದಿನವೇ ಯಾರದೋ ಅರ್ಜೆಂಟ್ ಹೊಲಿಗೆ ಬಂದು ಕೂರುತ್ತಿತ್ತು. ಮುಂದಿನ ವಾರ, ಮುಂದಿನ ತಿಂಗಳು ಎನ್ನುತ್ತಿರುವಾಗಲೇ ಚಿಕ್ಕಪ್ಪ ನಿವೃತ್ತರಾದರು. ಖಾಕಿ ಅಂಗಿಗಳನ್ನು ಅವಳು ಒಗೆದು, ಇಸ್ತ್ರಿ ಮಾಡಿ ಟ್ರಂಕಿನಲ್ಲಿಟ್ಟಳು. ಅದಾದ ಮೇಲೆ ಒಂದು ಬೆಳಿಗ್ಗೆ ಚಿಕ್ಕಪ್ಪನ ಕೈಯಿಂದ ಟೀ ಲೋಟ ಜಾರಿ ಬಿತ್ತು. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಕಾಲು ಹೇಗೋ ನಡೆಯುತ್ತಿತ್ತು, ಎಡಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಥೆರಪಿಸ್ಟ್ ಮುಚ್ಚುಮರೆ ಇಲ್ಲದೆ ಹೇಳಿದ್ದರು: ಈಗ ಬೆರಳು ಆಡಿಸದಿದ್ದರೆ ಈ ಕೈ ಹೀಗೇ ಉಳಿದುಬಿಡುತ್ತದೆ. ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ನಾನೇನು ತೊಟ್ಟಿಲ ಮಗುವಾ ಎಂದು ಚಿಕ್ಕಪ್ಪ ಅದನ್ನು ಮಂಚದ ಕೆಳಗೆ ಉರುಳಿಸಿದರು. ಚಿಕ್ಕಮ್ಮ ಅದನ್ನು ಹುಡುಕಿ ತೆಗೆದು, ಧೂಳಾಗಬಾರದೆಂದು ಒಂದು ಚೀಲ ಹೊಲಿದಳು. ಚೆಂಡು ಚೀಲದಲ್ಲೇ ಉಳಿಯಿತು. ಅಂಗಿಯ ಗುಂಡಿ ಹಾಕುವುದು, ತಲೆ ಬಾಚುವುದು, ಲೋಟ ಹಿಡಿಸುವುದು ಎಲ್ಲವೂ ಅವಳದೇ ಆಯಿತು. ಅವರ ಕೈ ಏಳುವ ಮೊದಲೇ ಇವಳ ಕೈ ಅಲ್ಲಿರುತ್ತಿತ್ತು.

ಇನ್ನು ನಾನು. ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುವವಳು. ಯಾವುದೋ ಕಾಲದಲ್ಲಿ ದೊಡ್ಡಪ್ಪನ ಮನೆಯ ಪ್ರಿಂಟರಿನ ವೈರು ಸಿಕ್ಕಿಸಿಕೊಟ್ಟ ತಪ್ಪಿಗೆ ನಮ್ಮ ಬಳಗಕ್ಕೆಲ್ಲ ಕಂಪ್ಯೂಟರ್ ಪಂಡಿತೆಯಾಗಿದ್ದೇನೆ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ. ಚಿಕ್ಕಪ್ಪನಿಗೆ ಚೆಂಡು ಬೇಡವಾದರೆ ಬಸ್ಸನ್ನೇ ಕೊಡೋಣ ಎಂದು ನನ್ನ ಹಳೆಯ ಲ್ಯಾಪ್‌ಟಾಪಿಗೆ ಬಸ್ ಓಡಿಸುವ ಗೇಮ್ ಒಂದನ್ನು ಹಾಕಿ ತಂದೆ. ಸ್ಟೀರಿಂಗ್ ಎಡಗೈಯ ಎರಡು ಬೆರಳಿಗೆ ಸಿಗುವ ಹಾಗೆ, ಬಾಗಿಲು ತೆಗೆದು ಮುಚ್ಚುವುದು ಎಡಗೈಯ ಕಿರುಬೆರಳಿಗೇ ಬರುವ ಹಾಗೆ ಕೀಗಳನ್ನು ಹೊಂದಿಸಿದೆ. ವೇಗ, ಬ್ರೇಕು ಬಲಗೈಗೆ.

ಮೊದಲ ದಿನಗಳಲ್ಲಿ ಬಸ್ಸು ಫುಟ್‌ಪಾತ್ ಹತ್ತಿತು, ಅಂಗಡಿಗಳಿಗೆ ನುಗ್ಗಿತು. ಚಿಕ್ಕಪ್ಪ ಲ್ಯಾಪ್‌ಟಾಪನ್ನು ಬೈದರು, ನನ್ನನ್ನು ಬೈದರು, ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಬರಬರುತ್ತ ಬೆರಳು ಹೇಳಿದ ಮಾತು ಕೇಳತೊಡಗಿತು. ಒಂದು ಬೆಳಿಗ್ಗೆ ಚಿಕ್ಕಮ್ಮ ಒಲೆಯ ಮುಂದಿದ್ದಾಗ ಅವರು ತಮ್ಮ ಅಂಗಿಯ ಒಂದು ಗುಂಡಿಯನ್ನು ತಾವೇ ಹಾಕಿಕೊಂಡರು. ಅವಳು ಅದನ್ನು ನೋಡಿ ಒಳಗೆ ಹೋಗಿ ಅತ್ತಳು. ಏನಾಯಿತೆಂದು ಕೇಳಿದರೆ ಈರುಳ್ಳಿ ಖಾರ ಅಂದಳು. ಅವತ್ತು ಮನೆಯಲ್ಲಿ ಈರುಳ್ಳಿಯೇ ಇರಲಿಲ್ಲ.

ಆ ಸಂತೋಷದಲ್ಲೇ ಅವಳು ಟ್ರಂಕು ತೆಗೆದದ್ದು. ಒಂದು ಖಾಕಿ ಅಂಗಿಯನ್ನು ಬಿಚ್ಚಿ, ಒಳಗೆ ದಪ್ಪಕ್ಕೆ ಹತ್ತಿ ಕೊಟ್ಟು, ಲ್ಯಾಪ್‌ಟಾಪಿನ ಅಳತೆಗೆ ಸರಿಯಾಗಿ ಒಂದು ಅಂಗಿ ಹೊಲಿದಳು. ತಳಕ್ಕೂ ಪಕ್ಕಕ್ಕೂ ಮೆತ್ತೆ, ಪರದೆಯ ಬೆನ್ನಿಗೆ ಬಟ್ಟೆ, ಮುಂದೆ ಗುಂಡಿ, ಆಡುವಾಗಲೂ ಕಳಚಬೇಕಿಲ್ಲ. ಚಾರ್ಜರಿಗೆಂದು ಒಂದೇ ಒಂದು ತೂತು. ಬೆನ್ನ ಮೇಲೆ ಅಂಗಿಯ ಹಳೆಯ ಜೇಬನ್ನೂ ಉಳಿಸಿದ್ದಳು. ಚಿಕ್ಕಪ್ಪ ಆ ಜೇಬನ್ನು ಎಷ್ಟೋ ಹೊತ್ತು ಸವರುತ್ತ ಕೂತರು. "ಈ ಮನೇಲಿ ಇನ್ನೇನೂ ಕೆಡಬಾರ್ದು ಕಣೇ," ಎಂದಳು ಚಿಕ್ಕಮ್ಮ ನನಗೆ. ಕೆಲಸ ಬಹಳ ಚೆನ್ನಾಗಿದೆ ಎಂದು ನಾನೂ ಹೊಗಳಿದೆ.

ಆಮೇಲೆ ಶುರುವಾಯಿತು ನೋಡಿ. ಗೇಮಿನಲ್ಲೂ ಒಂದು ಗುಡ್ಡದ ದಾರಿಯಿದೆ, ಚಿಕ್ಕಪ್ಪನಿಗೆ ಅದೇ ಬೇಕು. ಬಸ್ಸು ಊರಿನೊಳಗೆ ನೆಟ್ಟಗೆ ಓಡುತ್ತಿತ್ತು, ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಪರದೆ ನಿಂತು, ನಡುಗಿ, ಕಪ್ಪಾಗಿಬಿಡುತ್ತಿತ್ತು. ಮತ್ತೆ ಶುರುಮಾಡಿದರೆ ಮತ್ತೆ ಅಲ್ಲೇ. ಚಿಕ್ಕಪ್ಪನಿಗೆ ತಮ್ಮ ಚಿಂತೆಗಿಂತ ಬಸ್ಸಿನೊಳಗೆ ಕೂತವರ ಚಿಂತೆ ಹೆಚ್ಚು. ಕತ್ತಲಲ್ಲಿ, ತಿರುವಿನ ಮೇಲೆ, ಮಕ್ಕಳು ಮರಿ ಕಟ್ಟಿಕೊಂಡವರು ಎಂದು ಗೊಣಗಿದರು. ಅವರು ಬರೀ ಚಿತ್ರ ಚಿಕ್ಕಪ್ಪ ಎಂದದ್ದಕ್ಕೆ ನನ್ನ ಮುಖವನ್ನು ಎಂಥ ಕಟುಕಿ ಅನ್ನುವ ಹಾಗೆ ನೋಡಿದರು.

ಪಂಡಿತೆ ಕೆಲಸಕ್ಕೆ ಇಳಿದಳು. ಗೇಮನ್ನು ತೆಗೆದು ಮತ್ತೆ ಹಾಕಿದೆ. ಚಿತ್ರದ ಗುಣಮಟ್ಟ ಇಳಿಸಿದೆ, ಗುಡ್ಡದ ಮರಗಳೆಲ್ಲ ಹಲ್ಲುಜ್ಜುವ ಬ್ರಷ್ಷಿನಂತಾದವು. ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿದೆ, ಬದಲಾಯಿಸಿ ಎಂದು ಪರದೆ ಹೇಳಿತು. ಅದು ನಿಮ್ಮ ವಿಷಯ ಅಲ್ಲ ಚಿಕ್ಕಪ್ಪ ಎಂದು ಸಮಾಧಾನ ಹೇಳಿ ಅದನ್ನೂ ಬದಲಾಯಿಸಿದೆ. ಏನೂ ಆಗಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಲ್ಯಾಪ್‌ಟಾಪನ್ನು ಅಂಗಡಿಗೆ ಹೊತ್ತುಕೊಂಡು ಹೋದೆ. ಒಗೆದು ಇಡುತ್ತೇನೆ ಎಂದು ಚಿಕ್ಕಮ್ಮ ಅದರ ಅಂಗಿ ಕಳಚಿಕೊಂಡಳು. ಅಂಗಡಿಯಲ್ಲಿ, ಗಿರಾಕಿಗಳ ನಡುವೆ, ನಾನು ಇಡೀ ಗುಡ್ಡ ಹತ್ತಿ ಇಳಿದೆ. ಒಂದು ಸಲವೂ ನಿಲ್ಲಲಿಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ನೋವು ಮಾಯವಾಗುತ್ತದಲ್ಲ, ಅದೇ ಕಥೆ.

ಗೆದ್ದ ಉತ್ಸಾಹದಲ್ಲಿ ಮನೆಗೆ ತಂದೆ. ಚಿಕ್ಕಮ್ಮ ಒಗೆದ ಅಂಗಿ ತೊಡಿಸಿದಳು. ಚಿಕ್ಕಪ್ಪ ಗುಡ್ಡ ಹತ್ತಿದರು. ಅರ್ಧಕ್ಕೆ ಬಸ್ಸು ಕೈಕೊಟ್ಟಿತು.

ಇದು ನಾಲ್ಕೈದು ಸಲ ನಡೆಯಿತು. ಅಂಗಡಿಯಲ್ಲಿ ಸರಿ, ಮನೆಯಲ್ಲಿ ಇಲ್ಲ. ಮನೆಯ ಕರೆಂಟು ಸರಿಯಿಲ್ಲ ಎಂದು ನಾನು ಪ್ಲಗ್ಗನ್ನು ಬೈದೆ. ಚಿಕ್ಕಪ್ಪ ಬೇರೆಯೇ ಲೆಕ್ಕ ಹಾಕಿದ್ದರು. ಅವರು ಲ್ಯಾಪ್‌ಟಾಪ್ ಮುಚ್ಚಿ, ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

"ನಿನ್ನ ಕೈಲಿ ಓಡುತ್ತೆ, ನನ್ನ ಕೈಲಿ ನಿಲ್ಲುತ್ತೆ. ಗಾಡಿದಲ್ಲ ತಪ್ಪು. ತಗೊಂಡು ಹೋಗಮ್ಮ," ಎಂದರು.

ಮಾರನೆಯ ದಿನ ಅವರ ಅಂಗಿಯ ಗುಂಡಿಗಳನ್ನೆಲ್ಲ ಮತ್ತೆ ಚಿಕ್ಕಮ್ಮನೇ ಹಾಕಿದಳು. ಥೆರಪಿಸ್ಟ್ ಬಂದು ಬೆರಳು ಹಿಡಿದು ನೋಡಿ, ಮತ್ತೆ ಬಿಗಿದುಕೊಂಡಿದೆ ಎಂದು ಹೇಳಿ ಹೋದರು. ಆ ವಾರ ಪೂರ್ತಿ ಮುಚ್ಚಿದ ಲ್ಯಾಪ್‌ಟಾಪ್ ಮೇಜಿನ ಮೇಲೇ ಇತ್ತು. ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಕೊಟ್ಟ ಹಾಗೆ ಮಾಡಿ ಕಿತ್ತುಕೊಂಡಂತಾಯಿತಲ್ಲ ಅನ್ನಿಸುತ್ತಿತ್ತು.

ಭಾನುವಾರ ಸುಮ್ಮನಿರಲಾರದೆ ನಾನೇ ಕೂತು ಆಡಿದೆ. ಅದೇ ಕುರ್ಚಿ, ಅದೇ ಮೇಜು. ಗುಡ್ಡದ ಅರ್ಧಕ್ಕೆ ನನಗೂ ಕಪ್ಪಾಯಿತು. ನೋಡಿ ಚಿಕ್ಕಪ್ಪ, ನನ್ನ ಕೈಲೂ ನಿಂತಿತು ಎಂದು ಕೂಗಿದೆ. ಇಷ್ಟು ಖುಷಿಯಿಂದ ಯಾರೂ ಸೋತಿರಲಿಕ್ಕಿಲ್ಲ. ಚಿಕ್ಕಮ್ಮ ಟೀ ಇಡಲು ಜಾಗಕ್ಕಾಗಿ ಲ್ಯಾಪ್‌ಟಾಪ್ ಸರಿಸಿದವಳು ಹಾಗೇ ನಿಂತಳು. ಅಂಗಿಯ ಕೆಳಗೆ ಕೈ ತೂರಿಸಿದಳು, ಜ್ವರ ಬಂದ ಮಗುವಿನ ಬೆನ್ನು ಮುಟ್ಟುವ ಹಾಗೆ.

"ಮೈ ಸುಡ್ತಿದೆಯಲ್ಲೇ ಇದು," ಎಂದಳು.

ನಾನು ಗುಂಡಿ ಬಿಚ್ಚಿ ಲ್ಯಾಪ್‌ಟಾಪನ್ನು ಹೊರಗೆ ತೆಗೆದೆ. ಕೆಳಗಡೆ, ಪಕ್ಕದಲ್ಲಿ, ಫ್ಯಾನು ಗಾಳಿ ಎಳೆದು ಬಿಡುವ ಕಿಂಡಿಗಳು. ಅಷ್ಟೂ ಕಿಂಡಿಗಳನ್ನು ಹತ್ತಿಯ ಮೆತ್ತೆ ಅಚ್ಚುಕಟ್ಟಾಗಿ ಮುಚ್ಚಿತ್ತು. ಗುಡ್ಡದ ಚಿತ್ರ ಬಿಡಿಸಲು ಲ್ಯಾಪ್‌ಟಾಪ್ ಹೆಚ್ಚು ದುಡಿಯಬೇಕು, ದುಡಿದಷ್ಟೂ ಕಾಯುತ್ತದೆ, ಆ ಕಾವು ಹೊರಗೆ ಹೋಗಲಾರದಿದ್ದರೆ ಅದು ತಾನೇ ನಿಂತುಬಿಡುತ್ತದೆ. ಅಂಗಡಿಗೆ ಅದು ಬರಿಮೈಯಲ್ಲಿ ಬರುತ್ತಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು. ಆದರೆ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಕರೆಂಟೇ ಕಾರಣ ಎಂದು ಮತ್ತೆ ಶುರುಮಾಡಿದೆ. ಚಿಕ್ಕಮ್ಮ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ.

"ಕೆಡದೇ ಇರ್ಲಿ ಅಂತ ಹೊದಿಸಿ, ನಾನೇ ಉಸಿರು ಕಟ್ಟಿಸಿಬಿಟ್ನಲ್ಲೇ," ಎಂದಳು. ಹೇಳುತ್ತ ಗಂಡನ ಕಡೆ ನೋಡಿದಳು. ಅವರ ಅಂಗಿಯ ಕುತ್ತಿಗೆಯವರೆಗಿನ ಗುಂಡಿಗಳನ್ನು ಬೆಳಿಗ್ಗೆ ಅವಳೇ ಹಾಕಿದ್ದಳು.

ಅಂಗಿಯನ್ನೇ ಬಿಟ್ಟುಬಿಡೋಣ ಎಂದೆ ನಾನು. ಚಿಕ್ಕಪ್ಪ ಒಪ್ಪಲಿಲ್ಲ, ಅದು ತಮ್ಮ ಯೂನಿಫಾರ್ಮು, ಯೂನಿಫಾರ್ಮಿಲ್ಲದೆ ಬಸ್ಸು ಹತ್ತುವುದಿಲ್ಲ ಎಂದರು. ಚಿಕ್ಕಮ್ಮ ಕತ್ತರಿ ಹಿಡಿದು ಕೂತಳು. ಆ ಖಾಕಿಗೆ ಎರಡನೇ ಸಲ ಕತ್ತರಿ ಹಾಕಲು ಅವಳ ಕೈ ಸ್ವಲ್ಪ ತಡವರಿಸಿತು. ಆಮೇಲೆ ಕಿಂಡಿ ಇದ್ದಲ್ಲೆಲ್ಲ ಕಿಟಕಿ ಕತ್ತರಿಸಿ, ಗುಂಡಿಯ ತೂತಿಗೆ ಕಾಜಾ ಹಾಕುವ ಹಾಗೆ ಅಂಚು ಸುತ್ತಿದಳು. ತಳದ ಹತ್ತಿಯನ್ನು ಎಳೆದು ತೆಗೆದು, ಮೂಲೆಗೊಂದರಂತೆ ಗಟ್ಟಿ ಗುಂಡಿ ಹೊಲಿದು, ಲ್ಯಾಪ್‌ಟಾಪ್ ಮೇಜಿನಿಂದ ಮೇಲೆ ನಿಲ್ಲುವಂತೆ ಮಾಡಿದಳು. ಅದನ್ನು ತಾನು ತೊಡಿಸಲಿಲ್ಲ. ಗಂಡನ ಮುಂದೆ ಇಟ್ಟು, "ನೀವೇ ಹಾಕಿ," ಎಂದು ಮಿಷನ್ನಿಗೆ ಹೋಗಿ ಕೂತಳು.

ಅವರು ಎಷ್ಟು ಹೊತ್ತು ತೆಗೆದುಕೊಂಡರೋ. ಅವಳು ದಾರವಿಲ್ಲದ ಸೂಜಿಯಲ್ಲೇ ಮಿಷನ್ ತುಳಿಯುತ್ತಿದ್ದಳು, ಇತ್ತ ತಿರುಗಲಿಲ್ಲ. ಕೊನೆಗೆ ಗುಂಡಿ ಕೂತಿತು, ಬಸ್ಸು ಹೊರಟಿತು. ಊರು ದಾಟಿ, ಗುಡ್ಡದ ಬುಡದ ಸ್ಟಾಪಿನಲ್ಲಿ ನಿಂತಿತು. ನಿಂತೇ ಇತ್ತು. ಮತ್ತೆ ಕೈಕೊಟ್ಟಿತೇ ಎಂದು ಹತ್ತಿರ ಹೋಗಿ ನೋಡಿದರೆ ಪರದೆಯೇನೂ ಕಪ್ಪಾಗಿರಲಿಲ್ಲ. ಬಸ್ಸಿನ ಬಾಗಿಲು ತೆರೆದಿತ್ತು.

ಯಾಕೆ ಹೋಗ್ತಿಲ್ಲ ಚಿಕ್ಕಪ್ಪ ಎಂದು ಕೇಳಿದೆ.

"ನಿಮ್ಮ ಚಿಕ್ಕಮ್ಮ ಹತ್ತಿಲ್ಲವಲ್ಲ," ಎಂದರು.

ಮಿಷನ್ ನಿಂತಿತು. ನಾಳೆಗೆ ಕೊಡಬೇಕಾದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಮಡಿಲಿನ ದಾರ ಕೊಡವಿಕೊಂಡು ಅವಳು ಬಂದಳು. ಸ್ಟೂಲು ಎಳೆದು ಅವರ ಬೆನ್ನ ಹಿಂದೆ, ಸ್ವಲ್ಪ ಎಡಕ್ಕೆ ಕೂತಳು. ಚಿಕ್ಕಪ್ಪನ ಕಿರುಬೆರಳು ನಡುಗುತ್ತ ಮೇಲೆದ್ದಿತು. ಅವಳ ಕೈ ತಾನಾಗಿಯೇ ಸಹಾಯಕ್ಕೆ ಮುಂದೆ ಹೋಯಿತು, ಅರ್ಧಕ್ಕೆ ತಡೆದು ಸ್ಟೂಲಿನ ಅಂಚು ಹಿಡಿದುಕೊಂಡಿತು. ಕಿರುಬೆರಳು ತಾನೇ ಕೀ ಒತ್ತಿತು. ಬಾಗಿಲು ಮುಚ್ಚಿತು.

"ಎಲ್ಲೀ ತನಕ?" ಎಂದು ಹಿಂದೆ ತಿರುಗದೆ ಕೇಳಿದರು.

"ಕೊನೇ ಸ್ಟಾಪು," ಎಂದಳು ಚಿಕ್ಕಮ್ಮ.