ಅಂಗೈ ಮೇಲಿನ ಹೆಸರುಗಳು

ಅಕ್ಕಲಕೋಟೆಯ ದಿವ್ಯಾಂಗ ಮಕ್ಕಳ ಸಂಸ್ಥೆಯಲ್ಲಿ ಸ್ವಯಂಸೇವಕರನ್ನು ಹೊಂದಿಸುತ್ತಿದ್ದ ಅಕ್ಕ, ಬರುತ್ತೇನೆಂದು ಕೈ ಎತ್ತಿದವರ ಹೆಸರನ್ನು ನೋಟ್‌ಬುಕ್ಕಿನಲ್ಲಲ್ಲ, ಅಲ್ಲೇ ಬಾಲ್‌ಪೆನ್ನಿನಿಂದ ತಮ್ಮ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದರು. ‘ವಹಿ ಮನ್ಯಾಗ ಮರತ ಬರ್ತೀನ್ರಿ, ಕೈ ಮರತ ಬರಾಕ ಆಗಂಗಿಲ್ಲಲಾ,’ ಎನ್ನುತ್ತಿದ್ದರು. ಕರಜಗಿಯಿಂದ ಎಸ್‌ಟಿ ಬಸ್ಸು ಹಿಡಿದು ಹೋಗುತ್ತಿದ್ದ ನನ್ನ ಹೆಸರೂ ವಾರವಾರ ಅಲ್ಲಿರುತ್ತಿತ್ತು.

ಆ ವರ್ಷ ನಮಗೆಲ್ಲ ಸನ್ಮಾನ. ಶಾಲು ಹೊದಿಸುವವರು ಸಂಸ್ಥೆಯ ಮಕ್ಕಳೇ. ಸೊಲ್ಲಾಪುರದಿಂದ ಶಾಲು ಬಂದವು, ಹಾರ ಬಂದವು, ಬೆಳಗಿನಿಂದ ಸಂಭ್ರಮವೋ ಸಂಭ್ರಮ. ವೇದಿಕೆಯ ಮೇಲೆ ನಾವು ಸಾಲಾಗಿ ಕೂತೆವು. ಮೊದಲ ಶಾಲು ಹಿಡಿದ ಹುಡುಗಿಯ ಗಾಲಿಕುರ್ಚಿ ಮೆಟ್ಟಿಲ ಮುಂದೆ ನಿಂತಾಗಲೇ ತಪ್ಪು ಹೊಳೆದದ್ದು. ವರ್ಷವಿಡೀ ಆ ಕುರ್ಚಿ ತಳ್ಳಿದವರು ನಾವೇ. ಅವಳನ್ನು ಎತ್ತಿ ತರಲು ನಾಲ್ವರು ಎದ್ದೆವು.

‘ಆಕೀನ ಎತ್ತಬ್ಯಾಡ್ರಿ,’ ಎಂದರು ಅಕ್ಕ. ‘ನೀವ ಕೆಳಗ ಬರ್ರಿ.’

ಎಲ್ಲರೂ ಇಳಿದು ಅವಳ ಮುಂದೆ ಮೊಣಕಾಲೂರಿದೆವು. ಅವಳು ಕುರ್ಚಿಯಲ್ಲೇ ಬಾಗಿ ಮೊದಲ ಶಾಲು ಹೊದಿಸಿದಳು.

ಕೊನೆಗೆ ಅಕ್ಕ ಎಂದಿನಂತೆ ಕೇಳಿದರು: ‘ಮುಂದಿನ ಐತವಾರ ಯಾರ್ ಯಾರು ಬರ್ತೀರಿ?’

ಎಲ್ಲರಿಗಿಂತ ಮೊದಲು ಮೇಲೆದ್ದದ್ದು ಆ ಹುಡುಗಿಯ ಕೈ. ‘ಸಣ್ಣ ಹುಡುಗೂರಿಗೆ ನಾ ಗಣಿತ ಕಲಸ್ತೀನ್ರಿ, ಅಕ್ಕಾರ.’

ಅಕ್ಕ ಅಂಗೈ ಬಿಡಿಸಿ, ನಮ್ಮೆಲ್ಲರಿಗಿಂತ ಮೇಲೆ ಅವಳ ಹೆಸರು ಬರೆದುಕೊಂಡರು.