ಬೊಮ್ಮಯ್ಯ ಗೌಡರ ಉಲ್ಲೇಖದ ಪಟ್ಟಿ

ಬೆಳಂಬಾರದ ಬೊಮ್ಮಯ್ಯ ಗೌಡರಿಗೆ ಪಟ್ಟಿ ಎಂದರೆ ಪ್ರಾಣ. ಮನೆಯ ಕೊಡೆಗಳಿಗೂ ನಂಬರು ಹಚ್ಚಿಟ್ಟ ಮನುಷ್ಯ. ಇಪ್ಪತ್ತಾರು ವರ್ಷದಿಂದ ಕಾರವಾರದ ಕಾಲೇಜೊಂದರ ಗ್ರಂಥಾಲಯದಲ್ಲಿ ಗುಮಾಸ್ತರು. ಮೊದಲೆಲ್ಲ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದರು. ಈಗ ಪಾಲಿಗೆ ಬಂದ ಕೆಲಸವೇ ಬೇರೆ. ಕಾಲೇಜಿನ ವಿಜ್ಞಾನಿಗಳು ಎಷ್ಟು ಪ್ರಬಂಧ ಬರೆದರು, ಅವುಗಳನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂದು ಕಂಪ್ಯೂಟರಿನಿಂದ ಹೆಕ್ಕಿ ಕೊಡಬೇಕು. ಯಾರು ಎಷ್ಟು ದೊಡ್ಡವರು ಎಂದು ತಿಳಿಯಲು ಮೇಲಿನವರಿಗೆ ಇದೇ ದಾರಿಯಂತೆ. ಪ್ರಬಂಧವನ್ನೇ ಓದುವ ಪುರುಸೊತ್ತು ಯಾರಿಗಿದೆ?

ಆ ಶನಿವಾರ ಪ್ರಾಚಾರ್ಯ ಮಧುಕರ ಐದು ಜನರ ಪಟ್ಟಿ ಕೇಳಿದರು. ನಾಲ್ವರು ಕಾಯಂ ನೌಕರರು. ಐದನೆಯವಳು ಮಾಜಾಳಿಯ ಮೀನುಗಾರರ ಮನೆಯ ನೀತಾ, ಮೂರು ವರ್ಷದ ಗುತ್ತಿಗೆಯ ಮೇಲಿದ್ದವಳು. ಕದ್ವಾಡದ ಹತ್ತಿರ ಕಾಳಿ ನದಿಯ ಕೆಸರಿನಲ್ಲಿ ಮೊಣಕಾಲುದ್ದ ನಿಂತು ಚಿಪ್ಪಿಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ. ಅವಳನ್ನು ಮುಂದುವರಿಸಬೇಕೋ ಬೇಡವೋ ಎಂದು ಸೋಮವಾರ ಹನ್ನೊಂದು ಗಂಟೆಗೆ ಸಮಿತಿ ಕೂತು ತೀರ್ಮಾನಿಸುವುದಿತ್ತು.

ಗೌಡರು ಎಂದಿನ ಹಾಗೆ ಅಚ್ಚುಕಟ್ಟಾಗಿ ಪಟ್ಟಿ ಮಾಡಿದರು. ಎಲ್ಲರಿಗಿಂತ ಮೇಲೆ ರಸಾಯನಶಾಸ್ತ್ರದ ಆಶಿಷ, ಒಂಬೈನೂರು ಉಲ್ಲೇಖ. ಎಲ್ಲರಿಗಿಂತ ಕೆಳಗೆ ನೀತಾ, ಅರವತ್ತಮೂರು. ಪಾಪ ಅನ್ನಿಸಿತು. ಅನ್ನಿಸಿ ಮಾಡುವುದೇನು, ಅಂಕಿ ಅಂಕಿಯೇ ಎಂದುಕೊಂಡು ಕಳಿಸಿಬಿಟ್ಟರು.

ಭಾನುವಾರ ಹೆಂಡತಿ ಕಾಮಿಯ ಕಾಲು ಉಳುಕಿತು. ಅಂಕೋಲೆಯ ಪೇಟೆಯಲ್ಲಿ ಅವಳು ತರಕಾರಿ ಮಾರುವ ಜಾಗದಲ್ಲಿ ಅವತ್ತು ಗೌಡರೇ ಕೂತರು. ಸಂಜೆ ಮನೆಗೆ ಬಂದವರು ಚಾ ಕುಡಿಯುವ ಮೊದಲೇ ಪಟ್ಟಿ ತೆಗೆದು ಓದಿದರು: ಬಸಳೆ ನಲವತ್ತು ಸೂಡಿ, ಹರಿವೆ ಇಪ್ಪತ್ತೆಂಟು, ಮೊಗೆಕಾಯಿ ಆರೇ ಆರು.

“ಮೊಗೆಕಾಯಿ ಬೆಳೆಸೂದು ಬಿಟ್ಬಿಡು,” ಎಂದು ತೀರ್ಪನ್ನೂ ಕೊಟ್ಟರು.

ಕಾಮಿ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ತಲೆ ಎತ್ತಿದಳು. “ನಾ ಕೊಟ್ಟಿದ್ದೇ ಆರು. ಆರೂ ಹೋಯ್ತಲ್ಲ? ಬಸಳೆ ಎಪ್ಪತ್ತು ಸೂಡಿ ಕೊಟ್ಟಿದ್ದೆ, ಮೂವತ್ತು ಬಾಡಿಸ್ಕೊಂಡು ಬಂದೀರಿ. ಆಪೀಸಲ್ಲೂ ಇದೇ ನಮನಿ ಲೆಕ್ಕ ಮಾಡೂದಾ?”

ಗೌಡರು ಚಾ ಲೋಟ ಕೆಳಗಿಟ್ಟರು. ಉಲ್ಲೇಖಗಳನ್ನು ತೋರಿಸುವ ಕಂಪ್ಯೂಟರಿನ ಪರದೆಯಲ್ಲಿ ಬಲಗಡೆಗೆ ಇನ್ನೊಂದು ಸಾಲು ಇರುತ್ತಿತ್ತು. ಆಯಾ ವಿಷಯದಲ್ಲಿ, ಆಯಾ ವರ್ಷದ ಒಂದು ಪ್ರಬಂಧಕ್ಕೆ ಜಗತ್ತಿನಲ್ಲಿ ಸರಾಸರಿ ಎಷ್ಟು ಉಲ್ಲೇಖ ಸಿಗುತ್ತದೆ ಎಂಬ ಲೆಕ್ಕ. ಪಟ್ಟಿಯ ಅಂದ ಕೆಡುತ್ತದೆಂದು ಅವರು ಅದನ್ನು ಯಾವತ್ತೂ ಸೇರಿಸಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಬರೆಯುವವರು ಲಕ್ಷಗಟ್ಟಲೆ, ಒಬ್ಬರನ್ನೊಬ್ಬರು ಉಲ್ಲೇಖಿಸುವವರೂ ಅಷ್ಟೇ ಜನ. ಚಿಪ್ಪಿಯ ಬಗ್ಗೆ ಬರೆಯುವವರು ಎಷ್ಟು ಮಂದಿ? ಅಂದದ ಆಸೆಗೆ ಒಂದು ಹುಡುಗಿಯ ಹೊಟ್ಟೆಯ ಮೇಲೆ ಹೊಡೆದೆನಲ್ಲ ಎಂದು ಗೌಡರಿಗೆ ಊಟವೇ ಸೇರಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಕಾರವಾರಕ್ಕೆ ಹೋಗಿ ಗ್ರಂಥಾಲಯದ ಬೀಗ ತಾವೇ ತೆಗೆದರು. ಆಶಿಷನಿಗೆ ಪ್ರಬಂಧವೊಂದಕ್ಕೆ ಮೂವತ್ತು ಉಲ್ಲೇಖ, ಅವನ ವಿಷಯದ ಸರಾಸರಿ ಇಪ್ಪತ್ತೈದು. ಒಳ್ಳೆಯದೇ. ನೀತಾಳಿಗೆ ಒಂದಕ್ಕೆ ಏಳು, ಅವಳ ವಿಷಯದ ಸರಾಸರಿ ನಾಲ್ಕೇ ನಾಲ್ಕು. ಕೆಳಗಿನ ಹೆಸರು ಎಲ್ಲರಿಗಿಂತ ಮೇಲೆ ಹೋಗಿ ಕೂತಿತು. ಗೌಡರು ಎರಡೆರಡು ಸಲ ಭಾಗಿಸಿ ನೋಡಿದರು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಪ್ರಾಚಾರ್ಯರ ಮುಂದೆ ನಿಂತರು.

“ಮೊನ್ನೆ ಕಳಿಸಿದ್ದು ತಪ್ಪಾ ಹಾಗಾದ್ರೆ?” ಎಂದು ಮಧುಕರ ಹುಬ್ಬು ಗಂಟಿಕ್ಕಿದರು.

“ಅಂಕಿ ಸರಿ ಅದೆ ಸರ್. ಎಲ್ರನ್ನೂ ಒಂದೇ ಸಾಲಿಗೆ ಹಾಕಿದ್ದು ನನ್ನ ತಪ್ಪು.”

ಪ್ರಾಚಾರ್ಯರು ಗೊಣಗುತ್ತ ಹೊಸ ಹಾಳೆ ಹಿಡಿದು ಒಳಗೆ ಹೋದರು. ಮುಂದಿನ ಒಂದು ತಾಸು ಗೌಡರು ಒಂದೇ ಕಪಾಟಿನ ಧೂಳನ್ನು ಮೂರು ಸಲ ಒರೆಸಿದರು.

ಊಟದ ಹೊತ್ತಿಗೆ ನೀತಾ ಬಂದಳು. “ಗೌಡ್ರೆ, ಮತ್ತೆ ಮೂರು ವರ್ಷ ಕೊಟ್ರು. ನಿಮ್ಮ ಪಟ್ಟಿಯಿಂದ ಉಳ್ಕೊಂಡೆ.”

ಗೌಡರ ಎದೆಯ ಭಾರ ಇಳಿಯಿತು. ನಕ್ಕು ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ತಮಗೆ ಸಲ್ಲದ ಆ ಹೊಗಳಿಕೆಯನ್ನು ಇಟ್ಟುಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ.

“ಅಕ್ಕೋರೆ, ನನ್ನ ಪಟ್ಟಿಯಿಂದ್ಲೇ ಹೋಗ್ತಿದ್ರಿ,” ಎಂದು ಶನಿವಾರದಿಂದ ಹಿಡಿದು ಕಾಮಿಯ ಕಾಲು ಉಳುಕಿದ್ದರ ತನಕ ಎಲ್ಲವನ್ನೂ ಹೇಳಿಬಿಟ್ಟರು.

ಕೇಳುತ್ತ ಕೇಳುತ್ತ ನೀತಾ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ಅವಳ ಮುಖದಲ್ಲಿ ನಗು ಬಂತು.

“ಕಾಮಕ್ಕಂಗೆ ಹೇಳಿ, ನಾಳೆ ನಂಗೊಂದು ಮೊಗೆಕಾಯಿ ಬೇಕು.”

ಗೌಡರು ಎರಡು ದಿನದಲ್ಲಿ ಮೊದಲ ಸಲ ಆರಾಮಾಗಿ ಕುರ್ಚಿಗೆ ಒರಗಿದರು.

“ಎಲ್ಲಿಂದ ತರೂದು ಅಕ್ಕೋರೆ,” ಎಂದರು. “ಆರೇ ಇದ್ವು. ಆರೂ ಹೋದ್ವು.”